ಹುಟ್ಟು ಮೊದಲೋ, ಗಂಟು ಮೊದಲೋ: ಹೈಸ್ಕೂಲ್ ಮಕ್ಕಳಿಗೆ ರೋಯಿಂಗ್ ಮತ್ತು ಸ್ಕೌಟಿಂಗ್

ಎಂಟನೇ ತರಗತಿಗೆ ಕಾಲಿಟ್ಟ ಮಗುವನ್ನು ಪಾಠದಾಚೆ ಯಾವುದಕ್ಕೆ ಸೇರಿಸೋಣ ಎಂಬ ಮಾತು ಜೂನ್ ತಿಂಗಳಲ್ಲೇ ಶುರುವಾಗುತ್ತದೆ. ಮೈಸೂರು, ಮಂಡ್ಯದ ಮನೆಗಳಲ್ಲಿ ಅದು ಬಹುಪಾಲು ಕ್ರಿಕೆಟ್ ಕೋಚಿಂಗಿನಲ್ಲೋ ಟ್ಯೂಷನ್ನಿನಲ್ಲೋ ಮುಗಿಯುತ್ತದೆ. ಹಾಗೆ ಮುಗಿಯದೆ ಹುಟ್ಟು ಹಾಕಿ ದೋಣಿ ಓಡಿಸುವ ರೋಯಿಂಗ್, ಗಂಟು ಮತ್ತು ಶಿಬಿರಗಳ ಸ್ಕೌಟಿಂಗ್ ಎರಡೂ ಎದುರಿಗೆ ಬಂದಾಗ ತೂಗಿ ನೋಡುವುದು ಹೇಗೆ ಎಂಬುದು ಇಲ್ಲಿಯ ವಿಷಯ.

ರೋಯಿಂಗ್‌ನಲ್ಲಿ ಒಂದೇ ಚಲನೆಯನ್ನು ಸಾವಿರಾರು ಸಲ ಮಾಡಬೇಕು. ಲೆಕ್ಕ ಕೇಳುವುದು ಗಡಿಯಾರ. ಸ್ಕೌಟಿಂಗ್‌ನಲ್ಲಿ ಹತ್ತಾರು ಬಗೆಯ ಕೆಲಸವನ್ನು ಅಷ್ಟಷ್ಟು ಕಲಿಯಬೇಕು. ಲೆಕ್ಕ ಕೇಳುವವರು ಜೊತೆಯಲ್ಲಿ ಊಟಕ್ಕೆ ಕಾದು ಕೂತ ಏಳು ಮಕ್ಕಳು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಈ ಎರಡು ಜಿಲ್ಲೆಗಳ ಮಟ್ಟಿಗೆ ಸ್ಕೌಟಿಂಗ್ ಮತ್ತು ಈಜು ಮೊದಲು, ರೋಯಿಂಗ್ ಆಮೇಲೆ. ಈ ಸಾಲನ್ನು ತಿರುಗಿಸಬೇಕಾದ ಮಕ್ಕಳೂ ಇದ್ದಾರೆ. ಅವರ ಮಾತು ಮುಂದೆ ಬರುತ್ತದೆ.

ದೋಣಿ ಎಂದರೆ ಯಾವ ದೋಣಿ

ತಲಕಾಡು, ಶ್ರೀರಂಗಪಟ್ಟಣದ ಹರಿಗೋಲು ನೋಡಿ ಬೆಳೆದವರಿಗೆ ಇಲ್ಲೇ ಮೊದಲ ಗೊಂದಲ. ಅಂಬಿಗ ಹೋಗುವ ಕಡೆಗೆ ಮುಖ ಮಾಡಿ ಒಂದೇ ಹುಟ್ಟಿನಲ್ಲಿ ನೀರು ಬಗೆಯುತ್ತಾನೆ. ಕಯಾಕ್‌ನಲ್ಲೂ ಮುಖ ಮುಂದಕ್ಕೇ; ಎರಡೂ ತುದಿಗೆ ಅಲಗಿರುವ ಹುಟ್ಟು ಕೈಯಲ್ಲೇ ಇರುತ್ತದೆ. ರೋಯಿಂಗ್‌ನಲ್ಲಿ ಹೋಗುವ ದಿಕ್ಕಿಗೆ ಬೆನ್ನು. ಹುಟ್ಟನ್ನು ದೋಣಿಯ ಮಗ್ಗುಲಿಂದ ಹೊರಚಾಚಿದ ರಿಗ್ಗರ್ ಎಂಬ ಚೌಕಟ್ಟಿನ ಗೇಟಿಗೆ ಸಿಕ್ಕಿಸಿರುತ್ತಾರೆ. ಪಾದಗಳನ್ನು ದೋಣಿಗೆ ಬಿಗಿದ ಶೂಗಳೊಳಗೆ ತೂರಿಸಬೇಕು. ಕೂರುವ ಸೀಟು ಪುಟ್ಟ ಚಕ್ರಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಸೀಟು ಜಾರುವುದರಿಂದಲೇ ಇದು ಕಾಲಿನ ಆಟ; ತೋಳಿನ ಆಟವೆಂದು ತಿಳಿದು ಬಂದವರು ಮೊದಲ ವಾರವೇ ಸುಸ್ತಾಗುತ್ತಾರೆ. 'ವಾಟರ್ ಸ್ಪೋರ್ಟ್ಸ್ ಕ್ಯಾಂಪ್' ಎಂದು ಯಾರಾದರೂ ಕರಪತ್ರ ಕೊಟ್ಟರೆ 'ದೋಣಿಯಲ್ಲಿ ಸೀಟು ಜಾರುತ್ತದೆಯೇ?' ಎಂದು ಕೇಳಿ. ಇಲ್ಲ ಎಂದರೆ ಅದು ಬಹುಪಾಲು ಕಯಾಕಿಂಗ್. ಅದೂ ಒಳ್ಳೆಯದೇ, ಆದರೆ ಬೇರೆ ಕ್ರೀಡೆ.

ರೋಯಿಂಗ್‌ನಲ್ಲಿ ಎರಡು ಬಗೆ. ಒಬ್ಬರ ಕೈಯಲ್ಲಿ ಎರಡು ಹುಟ್ಟಿದ್ದರೆ ಸ್ಕಲ್ಲಿಂಗ್, ಒಂದೇ ಉದ್ದನೆಯ ಹುಟ್ಟಿದ್ದರೆ ಸ್ವೀಪ್. ಒಬ್ಬರೇ ಕೂರುವ ಸ್ಕಲ್ ಸುಮಾರು 8 ಮೀಟರ್ ಉದ್ದ. ಸ್ಪರ್ಧೆಯ ನಿಯಮದಂತೆ ಅದರ ಕನಿಷ್ಠ ತೂಕ 14 ಕೆ.ಜಿ. ಅಡುಗೆಮನೆಯ ಸಿಲಿಂಡರಿನೊಳಗೆ ಇರುವ ಗ್ಯಾಸು ಅದಕ್ಕಿಂತ ಒಂದು ಹಿಡಿ ಹೆಚ್ಚೇ ತೂಗುತ್ತದೆ, 14.2 ಕೆ.ಜಿ. ಎಂಟು ಜನರ ದೋಣಿಯಾದರೆ 17 ಮೀಟರ್ ದಾಟುತ್ತದೆ, ನಮ್ಮ ಕೆಂಪು ಬಸ್ಸಿಗಿಂತ ಉದ್ದ. ಅದರಲ್ಲಿ ಹುಟ್ಟು ಹಾಕದ ಒಂಬತ್ತನೆಯವರು ಒಬ್ಬರಿರುತ್ತಾರೆ: ಕಾಕ್ಸ್. ದೋಣಿಯನ್ನು ತಿರುಗಿಸುವುದು, ಲಯ ಕೂಗಿ ಹೇಳುವುದು ಅವರ ಕೆಲಸ. ಮೈಕಟ್ಟು ಸಣ್ಣದು, ದನಿ ದೊಡ್ಡದು ಎಂಬ ಮಗುವಿಗೆ ಇಲ್ಲೊಂದು ಜಾಗವಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ನೀರು ಎಲ್ಲಿ

ಕಾವೇರಿ ಇಲ್ಲೇ ಹರಿಯುತ್ತಾಳೆ, ಕೆರೆಗಳಿಗೂ ಕೊರತೆಯಿಲ್ಲ. ಆದರೂ ರೋಯಿಂಗ್‌ಗೆ ಒದಗುವ ನೀರು ಕಡಿಮೆ. ಹೊಸಬರ ಅಭ್ಯಾಸಕ್ಕೆ ಕನಿಷ್ಠ ಅರ್ಧ ಕಿಲೋಮೀಟರ್ ನೇರವಾದ, ಕಳೆ ಮತ್ತು ಬಂಡೆಯಿಲ್ಲದ, ಹೆಚ್ಚು ಅಲೆಯೇಳದ ನೀರು ಬೇಕು. ಅಂತರರಾಷ್ಟ್ರೀಯ ಸ್ಪರ್ಧೆಯ ದೂರ 2000 ಮೀಟರ್.

ಶ್ರೀರಂಗಪಟ್ಟಣದ ಸುತ್ತಲ ಹೊಳೆಯನ್ನು ಬಿಟ್ಟುಬಿಡಿ. ರಂಗನತಿಟ್ಟಿನಲ್ಲಿ ಮೊಸಳೆಗಳಿವೆ, ಉಳಿದ ಕಡೆ ಬಂಡೆ ಮತ್ತು ಸೆಳವು. ಮುತ್ತತ್ತಿ, ಬಲಮುರಿಗಳಲ್ಲಿ ಈಜು ಬಲ್ಲವರೇ ಮುಳುಗಿದ ಸುದ್ದಿ ಆಗಾಗ ಓದುತ್ತಲೇ ಇರುತ್ತೇವೆ. ಕಾರಂಜಿ ಕೆರೆಯ ದೋಣಿಗಳು ಪ್ರವಾಸಿಗರಿಗೆ. ಕುಕ್ಕರಹಳ್ಳಿ ಕೆರೆಯ ಏರಿ ಓಡುವುದಕ್ಕೆ ಚೆನ್ನ; ಕಾಲಿಗೆ ಬಲ ಬರಲು ಅದನ್ನೂ ಚಾಮುಂಡಿ ಬೆಟ್ಟದ ಮೆಟ್ಟಿಲನ್ನೂ ಬಳಸಿಕೊಳ್ಳಬಹುದು. ತಿ. ನರಸೀಪುರ ರಸ್ತೆಯ ವರುಣ ಕೆರೆಯಲ್ಲಿ ಜಲಸಾಹಸ ಚಟುವಟಿಕೆ ನಡೆಯುತ್ತವೆ, ಆದರೆ ಅಲ್ಲಿಯೂ ಮೇಲೆ ಹೇಳಿದ ಸೀಟಿನ ಪ್ರಶ್ನೆ ಕೇಳಿಯೇ ಮುಂದುವರಿಯಬೇಕು.

ಉಳಿದದ್ದು ಕನ್ನಂಬಾಡಿಯ ಹಿನ್ನೀರು. ವಿಸ್ತಾರಕ್ಕೆ ಕೊರತೆಯಿಲ್ಲ, ತೊಂದರೆ ಇರುವುದು ಮಟ್ಟದಲ್ಲಿ. ಕೆಆರ್‌ಎಸ್ ತುಂಬಿದಾಗ 124.80 ಅಡಿ, ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ 90 ಅಡಿಗಿಂತ ಕೆಳಗಿಳಿಯುತ್ತದೆ. ಮುಳುಗಿದ್ದ ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವೇ ಬರಗಾಲದಲ್ಲಿ ಮೇಲೆದ್ದು ಕಾಣುತ್ತಿದ್ದ ಹಿನ್ನೀರು ಅದು. ಹಾಗೆ ಇಳಿದಾಗ ದಡ ದೂರ ಸರಿದು ನಡುವೆ ಕೆಸರು ಉಳಿಯುತ್ತದೆ, ಹಿಂದಿನ ತಿಂಗಳು ಆಳವಿದ್ದ ಕಡೆ ಮರದ ಬೊಡ್ಡೆ ನೀರಿನ ಮಟ್ಟಕ್ಕೆ ಬಂದಿರುತ್ತದೆ. ದೋಣಿಯ ತಳದಲ್ಲಿ ದಿಕ್ಕು ಹಿಡಿಯಲೆಂದು ಅಂಗೈಯಗಲದ ಒಂದು ಫಿನ್ ಇರುತ್ತದೆ. ಅದು ಬೊಡ್ಡೆಗೆ ತಗುಲಿದರೆ ಮುರಿಯುವುದಷ್ಟೇ ಅಲ್ಲ, ತಳವನ್ನೂ ಸೀಳಿಕೊಂಡು ಬರುತ್ತದೆ. ಜೂನ್, ಜುಲೈ ತಿಂಗಳ ಮುಂಗಾರಿನ ಗಾಳಿ ಇನ್ನೊಂದು ತಲೆನೋವು. ರೇಸಿಂಗ್ ದೋಣಿಯ ಅಂಚು ನೀರಿನಿಂದ ಕೆಲವೇ ಅಂಗುಲ ಮೇಲಿರುತ್ತದೆ. ಮೊಣಕಾಲೆತ್ತರದ ಅಲೆ ಸಾಕು, ಒಳಗೆ ನೀರು ತುಂಬುತ್ತದೆ. ಆದ್ದರಿಂದ ಅಭ್ಯಾಸವೆಂದರೆ ಬೆಳಿಗ್ಗೆ ಆರರಿಂದ ಎಂಟು, ಗಾಳಿ ಏಳುವ ಮುನ್ನ. ಮೈಸೂರಿನಿಂದ ಅಲ್ಲಿಗೆ 20 ಕಿ.ಮೀ. ಹತ್ತಿರ; ಮಗು ಐದಕ್ಕೆ ಮುನ್ನ ಏಳಬೇಕು, ಜೊತೆಗೆ ಕರೆದೊಯ್ಯುವವರೂ ಏಳಬೇಕು. ಮಂಡ್ಯದಿಂದಾದರೆ ಶಾಲೆಯ ದಿನಗಳಲ್ಲಿ ಇದು ಆಗುಹೋಗದ ಮಾತು. ಬೇಸಿಗೆ, ದಸರಾ ರಜೆಯಲ್ಲಿ ವಾರ, ಹದಿನೈದು ದಿನದ ತರಬೇತಿ ಸಿಕ್ಕರೆ ಅಷ್ಟಕ್ಕೆ ತೃಪ್ತಿಪಡಬೇಕು.

ಇದನ್ನೆಲ್ಲ ಹೇಳಿದ್ದು ಹೆದರಿಸಲು ಅಲ್ಲ. ಸ್ಕೌಟಿಂಗ್‌ಗೆ ಬೇಕಾದ್ದು ಶಾಲೆಯ ಮೈದಾನ, ಒಬ್ಬ ತರಬೇತಾದ ಮೇಷ್ಟ್ರು ಅಥವಾ ಮೇಡಂ, ಒಂದು ಟ್ರಂಕಿನಷ್ಟು ಸಾಮಾನು. ಹೋಲಿಕೆಯ ಅರ್ಧ ಭಾಗ ಇಲ್ಲೇ ತೀರ್ಮಾನವಾಗಿಬಿಡುತ್ತದೆ.

ಈಜು ಬಾರದೆ ದೋಣಿ ಬೇಡ

ಇದರಲ್ಲಿ ರಿಯಾಯಿತಿ ಇಲ್ಲ. ತೆಳು ಬಟ್ಟೆ ತೊಟ್ಟು 50 ಮೀಟರ್ ಈಜಬೇಕು, ಆಳದ ನೀರಿನಲ್ಲಿ ಏನನ್ನೂ ಹಿಡಿಯದೆ ಎರಡು ನಿಮಿಷ ತೇಲಬೇಕು, ನೀರಿನಡಿಯಲ್ಲಿ ಐದು ಮೀಟರ್ ಸಾಗಬೇಕು. ಮೂರನೆಯದು ಯಾಕೆಂದರೆ ಮಗುಚಿದ ದೋಣಿಯ ಅಡಿಯಿಂದ ಹೊರಬರಬೇಕಾಗುತ್ತದೆ. ಮಂಡ್ಯದ ಮಕ್ಕಳು ಬಾವಿಯಲ್ಲೋ ನಾಲೆಯಲ್ಲೋ ಕಲಿತ ಈಜನ್ನು ಕಡೆಗಣಿಸುವಂತಿಲ್ಲ, ಧೈರ್ಯ ಅಲ್ಲೇ ಬಂದಿರುತ್ತದೆ. ಆದರೆ ನಾಲೆಯಲ್ಲಿ ನೀರೇ ಮುಂದಕ್ಕೆ ಒಯ್ಯುತ್ತದೆ. ನಿಂತ ನೀರಲ್ಲಿ ಐವತ್ತು ಮೀಟರ್ ಹೋಗುವುದು ಬೇರೆ ಲೆಕ್ಕ. ವಿ.ಸಿ. ನಾಲೆಯಂಥ ಕಡೆ ಕಲಿಯಲು ಬಿಡುವುದಂತೂ ಬೇಡ; ಕಾಂಕ್ರೀಟ್ ಇಳಿಜಾರು ಪಾಚಿಗಟ್ಟಿರುತ್ತದೆ, ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಮೈಸೂರಿನಲ್ಲಿ ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಈಜುಕೊಳವೋ ಬೇರಾವುದಾದರೂ ಕೊಳವೋ, ಕಾವಲಿಗೆ ಜನ ಇರುವ ಕಡೆ ಒಂದು ಬೇಸಿಗೆ ಕಳೆದರೆ ಸಾಕು. ಈಜು ಸ್ಕೌಟ್ ಮಗುವಿಗೂ ವ್ಯರ್ಥವಲ್ಲ. ಅಲ್ಲಿ ಅದಕ್ಕೊಂದು ಪ್ರಾವೀಣ್ಯ ಬ್ಯಾಡ್ಜ್ ಇದೆ.

2022ರ ಮೇ ತಿಂಗಳಲ್ಲಿ ಕೋಲ್ಕತ್ತದ ರವೀಂದ್ರ ಸರೋವರದಲ್ಲಿ ಅಭ್ಯಾಸದ ವೇಳೆ ಬಿರುಗಾಳಿ ಎದ್ದು ದೋಣಿ ಮಗುಚಿತು. ಇಬ್ಬರು ಶಾಲಾ ಬಾಲಕರು ತೀರಿಕೊಂಡರು. ಏಪ್ರಿಲ್, ಮೇ ತಿಂಗಳ ಸಂಜೆ ನಮ್ಮ ಕಡೆಯೂ ಇದ್ದಕ್ಕಿದ್ದಂತೆ ಗಾಳಿ ಎದ್ದು ಗುಡುಗು ಮಳೆ ಸುರಿಯುತ್ತದೆ. ಗುಡುಗು ಕೇಳಿಸಿದರೆ ದಡ ಸೇರಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ನೀರಿಗೆ ಇಳಿಯಬಾರದು. ಮಕ್ಕಳು ನೀರಲ್ಲಿರುವಷ್ಟು ಹೊತ್ತೂ ಹಿಂದೆ ಒಂದು ಮೋಟಾರ್ ದೋಣಿ ಇರಬೇಕು, ಅದರಲ್ಲಿ ಎಸೆಯುವ ಹಗ್ಗ ಮತ್ತು ಲೈಫ್ ಜಾಕೆಟ್ ಇರಬೇಕು. ದೋಣಿ ಮಗುಚಿದರೆ ಮಗು ದೋಣಿಯನ್ನೇ ಹಿಡಿದು ತೇಲಬೇಕು. ದಡ ಹತ್ತಿರ ಕಂಡಿತೆಂದು ಈಜಿ ಹೊರಡುವವರೇ ಮಧ್ಯದಲ್ಲಿ ಸೋಲುವುದು. ಹೊರಡುವ ಮುನ್ನ ಶೂಗಳ ಹಿಮ್ಮಡಿಯ ದಾರ ಗಟ್ಟಿಯಾಗಿದೆಯೇ ನೋಡಬೇಕು. ಮಗುಚಿದಾಗ ಹಿಮ್ಮಡಿಯನ್ನು ಹಿಡಿದು ನಿಲ್ಲಿಸಿ ಪಾದ ಕಳಚಿಕೊಳ್ಳುವಂತೆ ಮಾಡುವುದು ಆ ದಾರ. ಅದು ಹರಿದಿದ್ದರೆ ಪಾದ ಶೂ ಸಮೇತ ಸಿಕ್ಕಿಕೊಳ್ಳುತ್ತದೆ.

ಒಂದು ಎಳೆತದೊಳಗೆ

ರೋಯಿಂಗ್ ಮಗುವಿಗೆ ಏನು ಕಲಿಸುತ್ತದೆ ಎಂದು ತಿಳಿಯಲು ಒಂದೇ ಒಂದು ಸ್ಟ್ರೋಕನ್ನು ಬಿಡಿಸಿ ನೋಡಬೇಕು. ಮೊಣಕಾಲು ಮಡಿಸಿ, ತೋಳು ಚಾಚಿ, ಸೀಟು ಪಾದದ ಹತ್ತಿರ ಬಂದಾಗ ಹುಟ್ಟಿನ ಅಲಗನ್ನು ನೆಟ್ಟಗೆ ನೀರಿಗಿಳಿಸುವುದು ಕ್ಯಾಚ್. ಆಮೇಲೆ ಕಾಲಿನಿಂದ ಒತ್ತುವುದು. ಕಾಲು ಬಹುಪಾಲು ಚಾಚಿದ ಮೇಲೆ ಸೊಂಟದಿಂದ ಹಿಂದಕ್ಕೆ ಬಾಗುವುದು. ಕಡೆಗೆ ತೋಳು ಎಳೆದು ಹಿಡಿಯನ್ನು ಪಕ್ಕೆಲುಬಿನ ಕೆಳತುದಿಗೆ ತರುವುದು. ಇದು ಡ್ರೈವ್. ಹಿಡಿಯನ್ನು ಕೆಳಕ್ಕೆ ಒತ್ತಿ ಅಲಗನ್ನು ಹೊರತೆಗೆದು ಚಪ್ಪಟೆ ತಿರುಗಿಸುವುದು ಫಿನಿಶ್. ಹಿಂದಿರುಗುವಾಗ ಕ್ರಮ ಉಲ್ಟಾ: ತೋಳು, ಸೊಂಟ, ಕಾಲು. ಕಲಿಯುವಾಗ ನಿಮಿಷಕ್ಕೆ 18ರಿಂದ 20 ಸ್ಟ್ರೋಕ್ ಸಾಕು. ಎಳೆಯಲು ತೆಗೆದುಕೊಂಡ ಹೊತ್ತಿನ ಎರಡರಷ್ಟು ಹಿಂದಿರುಗಲು ತೆಗೆದುಕೊಳ್ಳಬೇಕು.

ಹೊಸಬರು ತಪ್ಪುವುದು ಹಿಂದಿರುಗುವಾಗಲೇ. ಆತುರಕ್ಕೆ ತೋಳು ಚಾಚುವ ಮುನ್ನ ಮೊಣಕಾಲು ಮಡಿಸುತ್ತಾರೆ, ಹಿಡಿ ಮೊಣಕಾಲಿಗೆ ತಗುಲುತ್ತದೆ, ತಗುಲದಿರಲೆಂದು ಎತ್ತಿದ ಕೈಯಿಂದ ಅಲಗು ಓರೆಯಾಗಿ ನೀರಿಗೆ ಬೀಳುತ್ತದೆ. ಓರೆ ಅಲಗು ಸಾಗುವ ದೋಣಿಯ ವೇಗಕ್ಕೆ ಒಳಕ್ಕೆ ಸೆಳೆದುಕೊಳ್ಳುತ್ತದೆ, ಹಿಡಿ ಹೊಟ್ಟೆಗೆ ಗುದ್ದುತ್ತದೆ. ಇದಕ್ಕೆ ರೋಯಿಂಗ್‌ನವರು 'ಕ್ರ್ಯಾಬ್' ಎನ್ನುತ್ತಾರೆ, ಏಡಿ ಹಿಡಿದಂತೆ. ಅಂಥ ಹೊತ್ತಿನಲ್ಲಿ ಮಗು ಮಾಡುವ ಮೊದಲ ತಪ್ಪು ಗಾಬರಿಗೆ ಇನ್ನೊಂದು ಹುಟ್ಟನ್ನೂ ಬಿಟ್ಟುಬಿಡುವುದು. ಎರಡು ಹಿಡಿ ಜೊತೆಗಿದ್ದು ಎರಡು ಅಲಗೂ ನೀರಿನ ಮೇಲೆ ಚಪ್ಪಟೆ ಮಲಗಿದ್ದರೆ ಆ ಕಿರಿದಾದ ದೋಣಿ ಅಲುಗಾಡದೆ ನಿಲ್ಲುತ್ತದೆ; ಒಂದನ್ನು ಬಿಟ್ಟರೆ ಕ್ಷಣದಲ್ಲಿ ಮಗುಚುತ್ತದೆ. ಗಾಬರಿಯಾದಾಗ ಕೈ ಬಿಡದಿರುವುದನ್ನು ಉಪದೇಶದಿಂದ ಕಲಿಸಲಾಗುವುದಿಲ್ಲ, ನಾಲ್ಕು ಸಲ ನೀರು ಕುಡಿದೇ ಕಲಿಯಬೇಕು.

ದೋಣಿ ಇಲ್ಲದ ದಿನ ರೋಯಿಂಗ್ ಮೆಷಿನ್, ಅಂದರೆ ಎರ್ಗ್. ಹೊಸದೊಂದಕ್ಕೆ ಬೆಲೆ ಲಕ್ಷ ರೂಪಾಯಿ ದಾಟುತ್ತದೆ, ಮನೆಗೆ ಕೊಳ್ಳುವ ವಸ್ತುವಲ್ಲ. ಕೆಲವು ಜಿಮ್‌ಗಳಲ್ಲಿ ಮೂಲೆಯಲ್ಲಿ ಧೂಳು ಹಿಡಿದು ಕೂತಿರುತ್ತದೆ. ಪಕ್ಕದಲ್ಲಿ ಎಳೆತದ ಭಾರ ಹೊಂದಿಸುವ ಡ್ಯಾಂಪರ್ ಸನ್ನೆಯನ್ನು 10ಕ್ಕೆ ಇಟ್ಟರೆ ಹೆಚ್ಚು ವ್ಯಾಯಾಮ ಎಂದು ಹುಡುಗರು ತಿಳಿಯುತ್ತಾರೆ. ಅದು ಭಾರದ ದೋಣಿಯನ್ನು ಎಳೆದಂತೆ. ಬೆಳೆಯುವ ವಯಸ್ಸಿನ ಸೊಂಟಕ್ಕೆ ಪೆಟ್ಟು. 3ರಿಂದ 5ರ ನಡುವೆ ಇಡಿ. ಹದಿನಾಲ್ಕರ ಹೊಸ ಹುಡುಗ 2000 ಮೀಟರ್‌ಗೆ ಎಂಟೂವರೆ ನಿಮಿಷದ ಆಸುಪಾಸು ತೆಗೆದುಕೊಂಡರೆ ಅದು ಸಹಜ. ಮೊದಲ ಎರಡು ತಿಂಗಳು ಆ ಪರೀಕ್ಷೆಯನ್ನೇ ಮಾಡಿಸಬಾರದು. ಬೆನ್ನು ಬಿಲ್ಲಿನಂತೆ ಬಗ್ಗಿಸಿ ಎಳೆಯುವ ಅಭ್ಯಾಸ ಬಿದ್ದರೆ ಬಿಡಿಸಲು ವರ್ಷ ಬೇಕು. ಅಂಗೈಯ ಬೊಕ್ಕೆ ಎಲ್ಲರಿಗೂ ಬರುತ್ತದೆ: ಚರ್ಮ ಕೀಳಬೇಡಿ, ತೊಳೆದು ಒಣಗಿಸಿ, ಒಡೆದ ಬೊಕ್ಕೆಯೊಂದಿಗೆ ಕೆರೆನೀರಿಗೆ ಇಳಿಸಬೇಡಿ. ಬೊಕ್ಕೆ ತಿಂಗಳಾದರೂ ಹೋಗದಿದ್ದರೆ ಹಿಡಿತ ಬಿಗಿಯಾಗಿದೆ ಎಂದರ್ಥ. ಹುಟ್ಟನ್ನು ಬೆರಳಿನ ಕೊಕ್ಕೆಯಲ್ಲಿ ಹಿಡಿಯಬೇಕು, ಮುಷ್ಟಿಯಲ್ಲಲ್ಲ.

ಪೆಟ್ರೋಲ್ ಎಂಬ ಎಂಟು ಮಂದಿ

ಭಾರತದಲ್ಲಿ ಮೊದಲ ಸ್ಕೌಟ್ ದಳ ಶುರುವಾದದ್ದು 1909ರಲ್ಲಿ, ಬೆಂಗಳೂರಿನಲ್ಲೇ. ಈಗಿನ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ರೂಪುಗೊಂಡದ್ದು 1950ರ ನವೆಂಬರ್ 7ರಂದು. ಹುಡುಗರು ಸ್ಕೌಟ್, ಹುಡುಗಿಯರು ಗೈಡ್. ಹೈಸ್ಕೂಲಿನ ವಯಸ್ಸೆಲ್ಲ ಇದರೊಳಗೆ ಬರುತ್ತದೆ, ಕಾಲೇಜಿಗೆ ಹೋದ ಮೇಲೆ ರೋವರ್ ಮತ್ತು ರೇಂಜರ್. ಮೆಟ್ಟಿಲುಗಳು ಹೀಗೆ: ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಅಲ್ಲಿಂದ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಒಂದರಿಂದ ಇನ್ನೊಂದಕ್ಕೆ ಕೆಲವು ತಿಂಗಳ ಕನಿಷ್ಠ ಅವಧಿ ಕಳೆಯಲೇಬೇಕು. ಹಾರಿ ಹೋಗುವ ಹಾಗಿಲ್ಲ. ಎಂಟರಲ್ಲಿ ಶುರು ಮಾಡಿದವರಿಗೂ ಹತ್ತು ಮುಗಿಯುವುದರೊಳಗೆ ರಾಜ್ಯ ಪುರಸ್ಕಾರ ಮುಟ್ಟುವುದು ಬಿಗಿಯಾದ ಲೆಕ್ಕವೇ. ಒಂಬತ್ತರ ಕೊನೆಯಲ್ಲಿ ಸೇರಿದರೆ ಅದು ಆಗುವುದಿಲ್ಲ. ಸ್ಕೌಟಿಂಗ್ ಮೊದಲು ಎಂದು ನಾವು ಹೇಳುವುದಕ್ಕೆ ದೊಡ್ಡ ಕಾರಣ ಈ ವಯಸ್ಸಿನ ಬಾಗಿಲು.

ಆರರಿಂದ ಎಂಟು ಮಕ್ಕಳ ಗುಂಪಿಗೆ ಪೆಟ್ರೋಲ್ ಎನ್ನುತ್ತಾರೆ. (ಬಂಕಿನ ಪೆಟ್ರೋಲ್ ಅಲ್ಲ ಎಂದು ಪ್ರತಿ ಹೊಸ ದಳದಲ್ಲೂ ಒಬ್ಬರಿಗಾದರೂ ಹೇಳಬೇಕಾಗುತ್ತದೆ.) ಅದಕ್ಕೊಬ್ಬ ಲೀಡರ್, ವಯಸ್ಸು ಹದಿನಾಲ್ಕೋ ಹದಿನೈದೋ. ಮಗು ಬೆಳೆಯುವುದು ಈ ಪೆಟ್ರೋಲಿನೊಳಗೆ. ಪರೇಡಿನಲ್ಲಿ ಸ್ಕಾರ್ಫ್ ತೊಟ್ಟು ನಿಂತಾಗ ಅಲ್ಲ. ಎರಡು ರಾತ್ರಿಯ ಶಿಬಿರದಲ್ಲಿ ಒಂದು ಹೊತ್ತಿನ ಅಡುಗೆಯನ್ನು ನೋಡಿದರೆ ತಿಳಿಯುತ್ತದೆ.

ಕುಂತಿಬೆಟ್ಟದ ಬುಡದಲ್ಲಿ ಮೂರು ಕಲ್ಲಿನ ಒಲೆ, ಎಂಟು ಮಂದಿ, ಮುದ್ದೆ ಮತ್ತು ಸೊಪ್ಪಿನ ಸಾರು ಎಂದಿಟ್ಟುಕೊಳ್ಳಿ. ರಾಗಿ ಹಿಟ್ಟು ಒಂದು ಕಿಲೋ, ನೀರು ಎರಡು ಲೀಟರಿಗಿಂತ ಸ್ವಲ್ಪ ಹೆಚ್ಚು, ಬೇಳೆ ಮುನ್ನೂರು ಗ್ರಾಂ. ಸೌದೆಗೆ ಇಬ್ಬರು, ನೀರಿಗೆ ಇಬ್ಬರು, ಸಾರಿಗೆ ಇಬ್ಬರು, ಮುದ್ದೆಗೆ ಇಬ್ಬರು ಎಂದು ಲೀಡರ್ ಹಂಚಬೇಕು. ಸೌದೆ ಹಸಿಯಾಗಿದ್ದರೆ ಹೊಗೆಯೇ ಹೊರತು ಉರಿಯಿಲ್ಲ. ಬೆರಳು ಗಾತ್ರದ ಕಡ್ಡಿಯನ್ನು ಬಗ್ಗಿಸಿದಾಗ ಚಟ್ಟನೆ ಮುರಿಯಬೇಕು, ಬಾಗಿದರೆ ಬೇಡ. ನೀರು ಕುದಿಯುವಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಒಂದು ತೂತು ಮಾಡಿ, ಕಲಕದೆ ಬೇಯಲು ಬಿಡಬೇಕು. ತಾಳ್ಮೆಗೆಟ್ಟು ಮೊದಲೇ ತಿರುವಿದರೆ ಗಂಟು ಕಟ್ಟುತ್ತದೆ, ಒಡೆದರೆ ಒಳಗೆ ಒಣ ಹಿಟ್ಟು. ತಿರುವುವಾಗ ಪಾತ್ರೆ ತಿರುಗದಂತೆ ಇನ್ನೊಬ್ಬರು ಕವೆಗೋಲಿನಲ್ಲಿ ಒತ್ತಿ ಹಿಡಿಯಬೇಕು. ಒಬ್ಬರಿಂದ ಆಗುವ ಕೆಲಸವೇ ಅಲ್ಲ. ಅಷ್ಟರಲ್ಲಿ ಸಾರಿಗೆ ಉಪ್ಪು ಹಾಕಿದ್ದು ಇಬ್ಬರೂ ಎಂದು ಗೊತ್ತಾಗುತ್ತದೆ. ಹಸಿದ ಎಂಟು ಮಂದಿಯ ಎದುರು ಯಾರ ತಪ್ಪು ಎಂದು ಹುಡುಕುತ್ತಾ ಕೂರುವುದೋ, ಇನ್ನೊಂದು ತಂಬಿಗೆ ನೀರು ಹಾಕಿ ಕುದಿಸುವುದೋ ಎಂದು ಲೀಡರ್ ಆ ಕ್ಷಣ ನಿರ್ಧರಿಸಬೇಕು. ಮೇಷ್ಟ್ರು ದೂರದಲ್ಲಿ ಕೂತು ನೋಡುತ್ತಿರಬೇಕು, ಬಾಯಿ ಹಾಕಬಾರದು.

ಗಂಟುಗಳದ್ದೂ ಇದೇ ಕಥೆ. ರೀಫ್ ನಾಟ್, ಶೀಟ್ ಬೆಂಡ್, ಕ್ಲೋವ್ ಹಿಚ್, ಬೋಲೈನ್ ಎಂದು ಹೆಸರು ಬಾಯಿಪಾಠ ಮಾಡಿಸುವ ದಳಗಳಿವೆ. ಹೆಸರು ಗೊತ್ತಿದ್ದು ಪ್ರಯೋಜನವಿಲ್ಲ, ಎಲ್ಲಿ ಬಳಸಬಾರದು ಎಂಬುದು ಗೊತ್ತಿರಬೇಕು. ರೀಫ್ ನಾಟ್ ಬ್ಯಾಂಡೇಜಿಗೆ ಸರಿ, ಚಪ್ಪಟೆಯಾಗಿ ಕೂರುತ್ತದೆ. ದಪ್ಪ ಸಣ್ಣ ಹಗ್ಗಗಳ ಜೋಡಣೆಗೆ ಹಾಕಿದರೆ ಜಾರುತ್ತದೆ, ಅಲ್ಲಿ ಶೀಟ್ ಬೆಂಡ್ ಬೇಕು. ನೀರಿಗೆ ಬಿದ್ದವರ ಸೊಂಟಕ್ಕೆ ಬಿಗಿಯದ, ಬಿಚ್ಚದ ಕುಣಿಕೆ ಎಂದರೆ ಬೋಲೈನ್. ಹಗ್ಗ ಕೊಳ್ಳುವಾಗ ಮೂರು ಮೀಟರ್ ಹತ್ತಿಯದ್ದು ಕೊಳ್ಳಿ, ನುಣುಪಾದ ನೈಲಾನ್‌ನಲ್ಲಿ ಕಲಿಯುವವರ ಗಂಟು ನಿಲ್ಲುವುದಿಲ್ಲ. ತುದಿ ಬಿಚ್ಚಿಕೊಳ್ಳದಂತೆ ದಾರ ಸುತ್ತುವುದು ಮೊದಲ ದಿನದ ಕೆಲಸ.

ಸ್ಕೌಟಿಂಗ್ ಕೆಡುವುದು ಕಾಗದದಲ್ಲಿ. ಹೈಕ್ ಹೋಗದೆ ಹೈಕ್ ವರದಿ, ಪರೀಕ್ಷಾ ಶಿಬಿರದ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ಬರೆದ ವರ್ಷದ ಲಾಗ್ ಬುಕ್, ಅಪ್ಪ ಅಂಗಡಿಯಲ್ಲಿ ಮಾಡಿಸಿಕೊಟ್ಟ ಮಾದರಿ ಸೇತುವೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಕ್ಕೆ ಮಾತ್ರ ಯೂನಿಫಾರಂ ತೊಡುವ ದಳವಾದರೆ ಸೇರಿಸಿ ಫಲವಿಲ್ಲ. ಪರೀಕ್ಷಿಸುವುದು ಸುಲಭ: ಕಳೆದ ವರ್ಷ ಮಕ್ಕಳು ಎಷ್ಟು ರಾತ್ರಿ ಟೆಂಟಿನಲ್ಲಿ ಮಲಗಿದರು ಎಂದು ಮಕ್ಕಳನ್ನೇ ಕೇಳಿ. ಸೊನ್ನೆ ಎಂದರೆ ಬೇರೆ ದಳ ನೋಡಿ. ಜಿಲ್ಲಾ ಸ್ಕೌಟ್ಸ್ ಕಚೇರಿಯಲ್ಲಿ ಶಾಲೆಯಾಚೆಯ ಮುಕ್ತ ದಳಗಳ ಬಗ್ಗೆ ವಿಚಾರಿಸಬಹುದು.

ಸಮಯ, ಹಣ, ಎಸ್ಸೆಸ್ಸೆಲ್ಸಿ

ಸ್ಕೌಟಿಂಗ್‌ಗೆ ವಾರಕ್ಕೆ ಒಂದೂವರೆ ಗಂಟೆ, ಅದೂ ಬಹುತೇಕ ಶನಿವಾರ ಶಾಲೆ ಬಿಟ್ಟ ಮೇಲೆ. ವರ್ಷಕ್ಕೆ ಎರಡೋ ಮೂರೋ ಶಿಬಿರ. ಖರ್ಚು ಯೂನಿಫಾರಂ, ಶೂ, ಹಗ್ಗ, ಶಿಬಿರದ ಊಟ ಮತ್ತು ಬಸ್ಸು. ರೋಯಿಂಗ್ ಅನ್ನು ನಿಜವಾಗಿ ಹಿಡಿದವರಿಗೆ ವಾರಕ್ಕೆ ಐದಾರು ಬೆಳಿಗ್ಗೆ. ಶುಲ್ಕಕ್ಕಿಂತ ಹೆಚ್ಚು ತಿನ್ನುವುದು ಪ್ರಯಾಣ ಮತ್ತು ಊಟ: ಬೆಳಿಗ್ಗೆ ಎರಡು ಬಾಳೆಹಣ್ಣು ತಿಂದು ಹೋದ ಮಗು ಒಂಬತ್ತಕ್ಕೆ ಬಂದು ಆರು ಇಡ್ಲಿ ತಿನ್ನುತ್ತದೆ, ಹನ್ನೊಂದಕ್ಕೆ ತರಗತಿಯಲ್ಲಿ ತೂಕಡಿಸುತ್ತದೆ. ರಾತ್ರಿ ಒಂಬತ್ತೂವರೆಗೆ ಮಲಗಿಸಲು ಆಗದ ಮನೆಯಲ್ಲಿ ರೋಯಿಂಗ್ ಶುರು ಮಾಡಬೇಡಿ.

ಹತ್ತನೇ ತರಗತಿಯಲ್ಲಿ ಪರೀಕ್ಷೆ ಮಾರ್ಚ್ ಹೊತ್ತಿಗೆ ಬರುತ್ತದೆ. ಸ್ಕೌಟ್ ಮಗು ನವೆಂಬರಿನಿಂದ ಸಭೆಗಳನ್ನು ಕಡಿಮೆ ಮಾಡಿಕೊಂಡರೂ ಕಲಿತದ್ದು ಹೋಗುವುದಿಲ್ಲ. ರೋಯಿಂಗ್‌ನಲ್ಲಿ ಮೂರು ತಿಂಗಳು ಬಿಟ್ಟರೆ ದಮ್ಮು ಹೋಗುತ್ತದೆ, ಮತ್ತೆ ಕೆಳಗಿನಿಂದ ಶುರು. ಮಗುವಿಗೆ ಇದು ಬೇಸರ ತರಿಸುತ್ತದೆ. ಬಿಟ್ಟವರು ಬಹುಪಾಲು ಈ ಘಟ್ಟದಲ್ಲೇ ಬಿಡುತ್ತಾರೆ.

ಪ್ರಮಾಣಪತ್ರದ ಮಾತು. ಕೆಇಎ ಸಿಇಟಿಯ ವಿಶೇಷ ವರ್ಗಗಳಲ್ಲಿ ಎನ್‌ಸಿಸಿ, ಕ್ರೀಡೆ, ಸ್ಕೌಟ್ಸ್ ಮತ್ತು ಗೈಡ್ಸ್ ಮೂರೂ ಇವೆ. ಸೀಟು ಬೆರಳೆಣಿಕೆಯವು, ಯಾವ ಪುರಸ್ಕಾರ ಬೇಕೆಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಕದಲ್ಲೇ ಓದಬೇಕು. ರೈಲ್ವೆಯಲ್ಲಿ ಸ್ಕೌಟ್ಸ್ ಕೋಟಾ ಇದೆ, ರಾಷ್ಟ್ರಪತಿ ಪುರಸ್ಕಾರ ಪಡೆದವರಿಗೆ ಅಲ್ಲಿ ಅವಕಾಶ. ಸಿಇಟಿಯ ಕ್ರೀಡಾ ವರ್ಗಕ್ಕೆ ಯಾವ ಸಾಧನೆ ಬೇಕೆಂಬುದನ್ನೂ ಆ ಮಾಹಿತಿ ಪುಸ್ತಕದಲ್ಲೇ ನೋಡಿಕೊಳ್ಳಬೇಕು. ಇದೊಂದಕ್ಕಾಗಿ ಸೇರಿಸಿದ ಮಗು ಎರಡರಲ್ಲೂ ಉಳಿಯುವುದಿಲ್ಲ.

ತಡವಾದರೆ ನಷ್ಟವೇ?

ರೋಯಿಂಗ್‌ನಲ್ಲಿ ಅಲ್ಲ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸಿಂಗಲ್ ಸ್ಕಲ್ಸ್ ಚಿನ್ನ ಗೆದ್ದ ಬಜರಂಗ್ ಲಾಲ್ ತಾಖರ್ ಸೇನೆಯವರು. 2016ರ ರಿಯೊ ಒಲಿಂಪಿಕ್ಸ್‌ಗೆ ಹೋದ ದತ್ತು ಭೋಕನಳ ಮಹಾರಾಷ್ಟ್ರದ ಬರದ ಸೀಮೆಯವರು. ಸೇನೆ ಸೇರಿದ ಮೇಲೆ, 2012ರಲ್ಲಿ, ಇಪ್ಪತ್ತು ದಾಟಿದ ವಯಸ್ಸಿನಲ್ಲಿ ಹುಟ್ಟು ಹಿಡಿದವರು. ನಾಲ್ಕು ವರ್ಷಕ್ಕೆ ಒಲಿಂಪಿಕ್ಸ್, 2018ರ ಏಷ್ಯನ್ ಗೇಮ್ಸ್‌ನಲ್ಲಿ ನಾಲ್ವರ ಸ್ಕಲ್ಸ್ ತಂಡದ ಚಿನ್ನ. ಈ ಕ್ರೀಡೆಗೆ ಎತ್ತರ, ಉದ್ದ ತೋಳು, ದೊಡ್ಡ ಶ್ವಾಸಕೋಶ ಬೇಕು. ಅದ್ಯಾವುದೂ ಹದಿಮೂರಕ್ಕೆ ತೀರ್ಮಾನವಾಗಿರುವುದಿಲ್ಲ. ಹದಿನಾರು, ಹದಿನೆಂಟಕ್ಕೆ ಶುರು ಮಾಡಿದರೂ ಅವಕಾಶ ಕೈತಪ್ಪುವುದಿಲ್ಲ. ಸ್ಕೌಟ್ ಮೆಟ್ಟಿಲುಗಳಿಗೆ ಆ ಸವಲತ್ತಿಲ್ಲ.

ಸಾಲು ತಿರುಗಿಸಬೇಕಾದ ಮಕ್ಕಳು ಯಾರೆಂದರೆ: ಒಂಬತ್ತನೇ ತರಗತಿಗೇ ಆರಡಿ ಸಮೀಪಿಸಿ, ಚೆನ್ನಾಗಿ ಈಜುತ್ತಾ, ಒಂದೇ ಕೆಲಸವನ್ನು ದಿನಾ ಮಾಡಲು ಬೇಸರವಿಲ್ಲದವರು. ಅವರಿಗೆ ಇಲ್ಲಿಯ ನೀರಿಗಿಂತ ಹೊರಗಿನ ದಾರಿ ನೋಡುವುದು ಒಳ್ಳೆಯದು. ಭಾರತೀಯ ಕ್ರೀಡಾ ಪ್ರಾಧಿಕಾರದ ರೋಯಿಂಗ್ ಕೇಂದ್ರ ಕೇರಳದ ಆಲಪ್ಪುಳದಲ್ಲಿದೆ, ಅದರ ಆಯ್ಕೆ ಪರೀಕ್ಷೆಗೆ ಹೋಗಬಹುದು. ಮನೆ ಬಿಟ್ಟಿರಬೇಕು ಎಂಬುದು ಮಾತ್ರ ನೆನಪಿರಲಿ. ಗುಂಪಿನಲ್ಲಿ ಬಾಯಿ ಬಿಡದ ಮಗುವಿಗೆ ಸ್ಕೌಟಿಂಗ್ ಹಾಕಿದರೆ ಸರಿಹೋಗುತ್ತದೆ ಎನ್ನುವವರುಂಟು, ನಾವು ಒಪ್ಪುವುದಿಲ್ಲ. ಮಾತಿಲ್ಲದ ಮಗುವಿಗೆ ಜೋಡಿ ದೋಣಿ ಹಿತ, ಅಲ್ಲಿ ಲಯವೇ ಮಾತು. ಮಾತು ಜಾಸ್ತಿಯಾದವರಿಗೆ ಸೌದೆ ಒಟ್ಟುವ ಕೆಲಸ ಒಳ್ಳೆಯದು.

ನಡುವಿನ ದಾರಿಯೂ ಒಂದಿದೆ: ಎನ್‌ಸಿಸಿಯ ನೌಕಾ ಘಟಕ, ಮೈಸೂರಿನಲ್ಲೇ ಇದೆ. ಎಂಟು, ಒಂಬತ್ತರ ಮಕ್ಕಳನ್ನು ಜೂನಿಯರ್ ವಿಭಾಗಕ್ಕೆ ತೆಗೆದುಕೊಳ್ಳುತ್ತಾರೆ, ಶಾಲೆಯಲ್ಲಿ ನೌಕಾ ವಿಭಾಗ ಇದ್ದರೆ ಮಾತ್ರ. ಅಲ್ಲಿ ವೇಲರ್ ಎಂಬ 27 ಅಡಿಯ ಭಾರದ ದೋಣಿ, ಐದು ಹುಟ್ಟು. 'ಬೋಟ್ ಪುಲ್ಲಿಂಗ್' ಎನ್ನುತ್ತಾರೆ. ಸೀಟು ಜಾರುವುದಿಲ್ಲ, ಆದರೆ ಐವರು ಒಟ್ಟಿಗೆ ಎಳೆಯುವ ಲಯ ಕಲಿಯಲು ಅದಕ್ಕಿಂತ ಗಟ್ಟಿ ದೋಣಿ ಇಲ್ಲ. ಸುಲಭಕ್ಕೆ ಮಗುಚುವುದೂ ಇಲ್ಲ. ಗಂಟು, ಶಿಬಿರ, ಶಿಸ್ತು ಎಲ್ಲ ಜೊತೆಗೇ ಬರುತ್ತದೆ, ಸ್ಕೌಟ್ ಪೆಟ್ರೋಲಿನ ಸ್ವಾತಂತ್ರ್ಯ ಮಾತ್ರ ಬರುವುದಿಲ್ಲ.

ಸೇರಿಸುವ ಮುನ್ನ ಒಂದು ಬೆಳಿಗ್ಗೆ

ರೋಯಿಂಗ್ ಕೇಂದ್ರವಾದರೆ ಹೇಳದೆ ಹೋಗಿ, ದಡದಲ್ಲಿ ನಿಂತು ನೋಡಿ. ಮೋಟಾರ್ ದೋಣಿ ಮಕ್ಕಳಿಗಿಂತ ಮೊದಲು ನೀರಿಗೆ ಇಳಿಯಿತೇ, ಅದರ ಟ್ಯಾಂಕಿನಲ್ಲಿ ಎಣ್ಣೆ ಇದೆಯೇ, ಪ್ರತಿ ದೋಣಿಯ ಮೂತಿಗೆ ರಬ್ಬರ್ ಚೆಂಡು ಇದೆಯೇ, ಹೊರಟವರ ಮತ್ತು ಬಂದವರ ಹೆಸರು ಪುಸ್ತಕದಲ್ಲಿ ಬರೆಯುತ್ತಾರೆಯೇ. ಬೆನ್ನು ಹಾಕಿ ಸಾಗುವ ಎರಡು ದೋಣಿ ಎದುರುಬದುರಾದಾಗ ಯಾರು ಯಾವ ಬದಿಗೆ ಹೋಗಬೇಕು ಎಂದು ಒಬ್ಬ ಹುಡುಗನನ್ನು ಕೇಳಿ. ತಡವರಿಸಿದರೆ ಅಲ್ಲಿ ಕಲಿಸುವ ಕ್ರಮ ಸರಿಯಿಲ್ಲ.

ಸ್ಕೌಟ್ ದಳವಾದರೆ ಶನಿವಾರ ಮಧ್ಯಾಹ್ನ ಹೋಗಿ. ಸಾಮಾನಿನ ಟ್ರಂಕ್ ತೆರೆಸಿ ಹಗ್ಗ ಮೂಸಿ ನೋಡಿ. ಹೊಗೆಯ ವಾಸನೆ ಇದ್ದರೆ, ಹಗ್ಗದ ತುದಿಗೆ ದಾರ ಸುತ್ತಿದ್ದರೆ, ಅರ್ಜಿ ತುಂಬಿಕೊಡಿ.